ತಿಂಗಳಿಗೆ 104 ರೂಪಾಯಿ

ನಾಗಪುರದಲ್ಲಿ ಫ್ಲ್ಯಾಟುಗಳ ಕಟ್ಟಡಕ್ಕೆ ‘ಸ್ಕೀಮ್’ ಅಂತಾರೆ. ಮುಂಬಯಿಯವರು ‘ನಿಮ್ಮದು ಯಾವ ಸೊಸೈಟಿ’ ಎಂದು ಕೇಳುವ ಕಡೆ, ಬೆಂಗಳೂರಿನವರು ‘ಯಾವ ಅಪಾರ್ಟ್‌ಮೆಂಟು’ ಎಂದು ಕೇಳುವ ಕಡೆ, ಇಲ್ಲಿಯವರು ‘ಕೌನ್‌ಸೀ ಸ್ಕೀಮ್’ ಎನ್ನುತ್ತಾರೆ. ಹೊಸದಾಗಿ ಬಂದಾಗ ನನಗೆ ಇದು ಅಂಚೆ ಕಚೇರಿಯ ಯಾವುದೋ ಉಳಿತಾಯದ ಯೋಜನೆಯ ಹಾಗೆ ಕೇಳುತ್ತಿತ್ತು. ನಾಲ್ಕು ವರ್ಷ ಖಜಾಂಚಿ ಕೆಲಸ ಮಾಡಿದ ಮೇಲೆ ಹೆಸರು ತಪ್ಪೇನಲ್ಲ ಅನ್ನಿಸಿದೆ. ಹನ್ನೆರಡು ಮನೆಯವರು ಒಂದೇ ತಳಪಾಯದ ಮೇಲೆ ದುಡ್ಡು ಹಾಕಿ ಕೂತಿರುವುದು ಉಳಿತಾಯದ ಯೋಜನೆ ಅಲ್ಲದೆ ಮತ್ತೇನು? ಅದರಲ್ಲಿ ಉಳಿತಾಯ ಮಾಡಬೇಕು ಎನ್ನುವುದೊಂದು ಮರೆತಿರುತ್ತದೆ, ಅಷ್ಟೆ.

ನಮ್ಮ ಸ್ಕೀಮ್ ಇರುವುದು ಪ್ರತಾಪ ನಗರದಲ್ಲಿ. ಒಂದು ಕಡೆ ಖಾಮ್ಲಾ, ಇನ್ನೊಂದು ಕಡೆ ತ್ರಿಮೂರ್ತಿ ನಗರ, ನಡುವೆ ರಿಂಗ್ ರೋಡಿನ ಸದ್ದು. ನಿವೃತ್ತ ಸರ್ಕಾರಿ ನೌಕರರು, ಬ್ಯಾಂಕಿನವರು, ಮಾಸ್ತರರು ಪ್ಲಾಟು ತಗೊಂಡು ಎರಡಂತಸ್ತಿನ ಮನೆ ಕಟ್ಟಿಕೊಂಡ ಬಡಾವಣೆ ಇದು. ಆ ಮನೆಗಳು ಒಂದೊಂದಾಗಿ ಬಿದ್ದು ಅವುಗಳ ಜಾಗದಲ್ಲಿ ಫ್ಲ್ಯಾಟ್ ಸ್ಕೀಮುಗಳು ಎದ್ದಿವೆ. ದೊಡ್ಡ ಗೇಟು, ಕ್ಲಬ್ ಹೌಸು, ಈಜುಕೊಳ ಇವೆಲ್ಲ ಇಲ್ಲ. ಎಂಟು ಮನೆ, ಹನ್ನೆರಡು ಮನೆ, ಹೆಚ್ಚೆಂದರೆ ಇಪ್ಪತ್ತು ಮನೆಯ ಚಿಕ್ಕ ಕಟ್ಟಡಗಳು. ಇಂಥ ಚಿಕ್ಕ ಕಟ್ಟಡಗಳಿಗೆ ಮ್ಯಾನೇಜರ್ ಇರುವುದಿಲ್ಲ, ಲೆಕ್ಕಪರಿಶೋಧಕ ಇರುವುದಿಲ್ಲ. ಸಂಜೆ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವ ಇಬ್ಬರು ಮೂವರೇ ಎಲ್ಲವೂ.

ನಮ್ಮದು 1998ರಲ್ಲಿ ಕಟ್ಟಿದ್ದು. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಮೂರು ಮನೆ. ಅದರಲ್ಲಿ ಒಂದು 1,200 ಚದರಡಿಯ ದೊಡ್ಡ ಮನೆ, ಎರಡು 800 ಚದರಡಿಯವು. ಈ ಅಳತೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಜಗಳ ಆಗುವುದು ಇವುಗಳ ಮೇಲೆಯೇ.

ನಿರ್ವಹಣೆಗೆ ಮನೆಗೆ ತಿಂಗಳಿಗೆ 800 ರೂಪಾಯಿ, ದೊಡ್ಡ ಮನೆಗೂ ಅಷ್ಟೇ, ಸಣ್ಣ ಮನೆಗೂ ಅಷ್ಟೇ. ಒಟ್ಟು 9,600. ಗುಡಿಸಿ ಒರೆಸುವವಳಿಗೆ 2,000, ಮೆಟ್ಟಿಲ ದೀಪ, ಪಂಪು, ಲಿಫ್ಟಿನ ಕರೆಂಟಿಗೆ 3,200 ಆಸುಪಾಸು, ಲಿಫ್ಟಿನ ವಾರ್ಷಿಕ ಒಪ್ಪಂದ ತಿಂಗಳ ಲೆಕ್ಕದಲ್ಲಿ 1,500, ನೀರಿಗೆ 1,200, ಟ್ಯಾಂಕ್ ತೊಳೆಯುವುದು, ಬಲ್ಬು, ಡ್ರೈನೇಜು ಎಂದು ಒಂದು ಸಾವಿರ. ತಿಂಗಳ ಕೊನೆಗೆ ಉಳಿಯುವುದು 700 ರೂಪಾಯಿ. ಇಷ್ಟು ಕಡಿಮೆ ಮೆಂಟೆನೆನ್ಸ್ ಈ ಓಣಿಯಲ್ಲಿ ಬೇರೆ ಯಾರಿಗೂ ಇಲ್ಲ ಎಂದು ನಮ್ಮವರಿಗೆಲ್ಲ ಹೆಮ್ಮೆ. ಮನೆ ಬಾಡಿಗೆಗೆ ಕೊಡುವಾಗ, ಮಾರುವಾಗ ಮೊದಲು ಹೇಳುವ ಮಾತೇ ಅದು.

2025ರ ಫೆಬ್ರುವರಿಯಲ್ಲಿ ಲಿಫ್ಟ್ ನಿಂತಿತು. ಅದಕ್ಕೆ ಮೊದಲೂ ನಿಂತಿತ್ತು, ರಿಪೇರಿಯಾಗಿತ್ತು. ಈ ಸಲ ಬಂದ ತಂತ್ರಜ್ಞ ಮೋಟಾರು ಬಿಚ್ಚಿ ನೋಡಿ, ಹಗ್ಗ ಸವೆದಿದೆ, ಕಂಟ್ರೋಲ್ ಪ್ಯಾನೆಲ್‌ನ ಬಿಡಿಭಾಗ ಈಗ ತಯಾರಾಗುವುದಿಲ್ಲ, ಇನ್ನು ನಾನು ಇದಕ್ಕೆ ಕೈ ಹಚ್ಚುವುದಿಲ್ಲ ಎಂದ. ಪ್ರಾಮಾಣಿಕ ಮನುಷ್ಯ. ಹೊಸ ಲಿಫ್ಟಿಗೆ ಮೂರು ಕಡೆ ಅಂದಾಜು ತರಿಸಿದೆವು. ಹಳೆಯದನ್ನು ಇಳಿಸಿ, ಹೊಸದು ಕೂರಿಸಿ, ವಿದ್ಯುತ್ ಇನ್‌ಸ್ಪೆಕ್ಟರರ ಅನುಮತಿ, ತೆರಿಗೆ ಎಲ್ಲ ಸೇರಿ ಒಪ್ಪಬಹುದಾದ ದರ 9,40,000 ರೂಪಾಯಿ. ಖಾತೆಯಲ್ಲಿ ಇದ್ದದ್ದು 1,40,000. 27 ವರ್ಷದ ಉಳಿತಾಯ ಅದು.

ಆ ರಾತ್ರಿ ಕೂತು ನಾನೊಂದು ಲೆಕ್ಕ ಹಾಕಿದೆ. ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳಿಗೆ ಸರ್ಕಾರ ಕೊಟ್ಟಿರುವ ಮಾದರಿ ಉಪವಿಧಿಗಳಲ್ಲಿ ಎರಡು ನಿಧಿಗಳ ಮಾತಿದೆ. ಒಂದು ದುರಸ್ತಿ ನಿಧಿ: ಪ್ರತಿ ಮನೆಯ ನಿರ್ಮಾಣ ವೆಚ್ಚದ ಶೇಕಡ 0.75ರಷ್ಟನ್ನಾದರೂ ವರ್ಷಕ್ಕೆ ತೆಗೆದಿಡಬೇಕು. ಇನ್ನೊಂದು ಸಿಂಕಿಂಗ್ ಫಂಡ್: ಕನಿಷ್ಠ ಶೇಕಡ 0.25. ಎರಡನೆಯದನ್ನು ಕಟ್ಟಡದ ದೊಡ್ಡ ಕೆಲಸಗಳಿಗೆ, ಸಭೆಯ ಒಪ್ಪಿಗೆ ಪಡೆದೇ ಮುಟ್ಟಬೇಕು. ನಮ್ಮದು ಸಹಕಾರಿ ಸಂಘವಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೂ ಲೆಕ್ಕಕ್ಕೆ ಅಡ್ಡಿಯಿಲ್ಲವಲ್ಲ. 1998ರಲ್ಲಿ ಒಂದು ಮನೆ ಕಟ್ಟಲು 5 ಲಕ್ಷ ತಗುಲಿತು ಎಂದುಕೊಳ್ಳೋಣ. ಶೇಕಡ 0.25 ಅಂದರೆ ವರ್ಷಕ್ಕೆ 1,250. ತಿಂಗಳಿಗೆ 104 ರೂಪಾಯಿ. ಹನ್ನೆರಡು ಮನೆಯಿಂದ ವರ್ಷಕ್ಕೆ 15,000. ಅದನ್ನು ಠೇವಣಿಯಲ್ಲಿಟ್ಟು ಸರಾಸರಿ ಶೇಕಡ 7ರ ಬಡ್ಡಿ ಸಿಕ್ಕಿದ್ದರೆ 27 ವರ್ಷಕ್ಕೆ 11 ಲಕ್ಷ ದಾಟುತ್ತಿತ್ತು. ಕಟ್ಟಿದ್ದು ಬರೀ 4 ಲಕ್ಷ ಚಿಲ್ಲರೆ, ಉಳಿದದ್ದು ಬಡ್ಡಿ.

ಅಂದರೆ ಆ ಎರಡು ನಿಧಿಗಳಲ್ಲಿ ಸಣ್ಣದೊಂದೇ ಇದ್ದಿದ್ದರೂ ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿರಲಿಲ್ಲ. ನಮ್ಮ 800 ರೂಪಾಯಿಯ ಹೆಮ್ಮೆ ಇತ್ತಲ್ಲ, ಅದು ಅಗ್ಗವಾಗಿರಲಿಲ್ಲ. ನಾವು ಕಟ್ಟಡದ ಹತ್ತಿರ ಸಾಲ ಮಾಡುತ್ತಿದ್ದೆವು. ಕಟ್ಟಡ ಬಾಯಿಬಿಟ್ಟು ಕೇಳುವುದಿಲ್ಲ, ಹಾಗಾಗಿ ಸಾಲ ಎಂದು ಗೊತ್ತಾಗಲಿಲ್ಲ. 1998ರಿಂದ 2010ರವರೆಗೆ ಇದ್ದು ಒಳ್ಳೆಯ ಬೆಲೆಗೆ ಮಾರಿ ಹೋದವರು ಆ ಸಾಲದ ತಮ್ಮ ಪಾಲನ್ನು ಇಲ್ಲೇ ಬಿಟ್ಟು ಹೋದರು. 2019ರಲ್ಲಿ ಕೊಂಡವರು ಅದನ್ನೂ ಸೇರಿಸಿ ಕೊಂಡರು.

ನಾಗಪುರದ ಹೆಂಗಸರು ‘ಭೀಶಿ’ ಹಾಕುತ್ತಾರೆ, ನಮ್ಮ ಕಡೆಯ ಚೀಟಿ ಇದ್ದ ಹಾಗೆ. ನಮ್ಮ ಸ್ಕೀಮಿನಲ್ಲೂ ಒಂದಿದೆ. ತಿಂಗಳಿಗೆ 2,000, ಐದನೇ ತಾರೀಖು, ಒಂದು ದಿನ ತಪ್ಪಿದ್ದನ್ನು ನಾನು ಕಂಡಿಲ್ಲ. ಅದೇ ಮನೆಗಳಿಂದ 800 ರೂಪಾಯಿ ಬರಲು ಮೂರು ತಿಂಗಳು. ಜನ ಕೆಟ್ಟವರೆಂದಲ್ಲ. ಭೀಶಿಯಲ್ಲಿ ನನ್ನ ಸರದಿ ಒಂದಿನ ಬರುತ್ತದೆ, ಕೈಗೆ ನೋಟು ಬರುತ್ತದೆ. ಮೆಂಟೆನೆನ್ಸ್ ಕಟ್ಟಿದರೆ ಏನೂ ಬರುವುದಿಲ್ಲ. ಏನೂ ಆಗದೇ ಇರುವುದೇ ಅದರ ಫಲ. ಆಗದೇ ಇದ್ದದ್ದಕ್ಕೆ ಯಾರು ಖುಷಿಯಿಂದ ದುಡ್ಡು ಕೊಡುತ್ತಾರೆ ಹೇಳಿ?

ಸರಿ, ಸಭೆ ಕರೆದೆವು. ಇಟ್ಟ ಹಣದಲ್ಲಿ ಒಂದು ಲಕ್ಷ ಲಿಫ್ಟಿಗೆ ಹಾಕಿ 40,000ವನ್ನು ತುರ್ತಿಗೆ ಉಳಿಸಿಕೊಳ್ಳುವುದು ಎಂಬಲ್ಲಿಗೆ ಬೇಗ ಒಪ್ಪಿಗೆಯಾಯಿತು. ಉಳಿದ 8,40,000 ಎತ್ತಬೇಕು. ಹೇಗೆ?

ಮೊದಲ ಮಹಡಿಯ ಒಬ್ಬರು ಎದ್ದರು. ‘ಲಿಫ್ಟ್ ಆಮ್ಹಾಲಾ ಲಾಗತಚ್ ನಾಹಿ.’ ನಮಗೆ ಲಿಫ್ಟು ಬೇಕಾಗಿಯೇ ಇಲ್ಲ. 27 ವರ್ಷದಲ್ಲಿ ಗ್ಯಾಸ್ ಸಿಲಿಂಡರಿಗೆ ಬಿಟ್ಟರೆ ಹತ್ತಿಲ್ಲ, ನಾವೇಕೆ ಕೊಡಬೇಕು? ದೊಡ್ಡ ಮನೆಯವರು, ಇಷ್ಟು ದಿನ ಸಮನಾಗಿ ಕಟ್ಟಿದ್ದೇವೆ, ಈಗಲೂ ಸಮ, ತಲೆಗೆ 70,000 ಎಂದರು. ಸಣ್ಣ ಮನೆಯವರು, ವಿಸ್ತೀರ್ಣದ ಮೇಲೆ ಹಾಕಿ ಎಂದರು. ಹಾಗೆ ಹಾಕಿದರೆ ದೊಡ್ಡ ಮನೆಗೆ 90,000, ಸಣ್ಣದಕ್ಕೆ 60,000. ನಾಲ್ಕನೇ ಮಹಡಿಯವರಿಗೆ ಲೆಕ್ಕ ಹೇಗಾದರೂ ಇರಲಿ, ಲಿಫ್ಟು ನಾಳೆಯೇ ಬರಬೇಕು. ಪ್ರತಿಯೊಬ್ಬರೂ ನ್ಯಾಯದ ಮಾತನ್ನೇ ಆಡಿದರು, ಯಾರದ್ದೂ ಸುಳ್ಳಾಗಿರಲಿಲ್ಲ. ಆದರೆ ಪ್ರತಿಯೊಬ್ಬರ ನ್ಯಾಯವೂ ಅವರವರ ಜೇಬಿಗೆ ಸರಿಯಾಗಿ ಹೊಂದುತ್ತಿದ್ದುದು ನೋಡಲಿಕ್ಕೆ ಮಜವಾಗಿತ್ತು.

ಈ ಜಗಳಕ್ಕೆ ಉತ್ತರ ಸಭೆಯಲ್ಲಿ ಹುಟ್ಟಬೇಕಾಗಿಯೇ ಇಲ್ಲ. ಅದು ಎಂದೋ ಬರೆದಿಟ್ಟಾಗಿದೆ. ನಮ್ಮೆಲ್ಲರ ಕಪಾಟಿನಲ್ಲಿ, ಇಲ್ಲವೇ ಸಾಲ ಕೊಟ್ಟ ಬ್ಯಾಂಕಿನ ಕಪಾಟಿನಲ್ಲಿ ಇದೆ. ಓದಿದವರಿಲ್ಲ ಅಷ್ಟೆ.

ಮಹಾರಾಷ್ಟ್ರದಲ್ಲಿ ಫ್ಲ್ಯಾಟುಗಳ ಕೂಡುಬಾಳಿಗೆ ಎರಡು ದಾರಿ. ಒಂದು 1960ರ ಸಹಕಾರಿ ಸಂಘಗಳ ಕಾಯ್ದೆ. ಅದರಲ್ಲಿ ಜಾಗ, ಕಟ್ಟಡ ಸಂಘದ್ದು, ನೀವು ಷೇರುದಾರರು, ಮನೆಯಲ್ಲಿ ಇರುವ ಹಕ್ಕು ನಿಮ್ಮದು. ಒಬ್ಬರಿಗೆ ಒಂದು ಮತ. ಇನ್ನೊಂದು 1970ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ಅದರಲ್ಲಿ ಮನೆ ನೇರವಾಗಿ ನಿಮ್ಮದು, ಜೊತೆಗೆ ಜಾಗದಲ್ಲಿ, ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ, ತಾರಸಿಯಲ್ಲಿ ಶೇಕಡಾ ಇಂತಿಷ್ಟು ಅವಿಭಕ್ತ ಪಾಲು. ಮತವೂ ತಲೆಗೊಂದಲ್ಲ, ಪಾಲಿಗೆ ತಕ್ಕಷ್ಟು. ಮುಂಬಯಿಯಲ್ಲಿ ಮೊದಲನೆಯದು ಹೆಚ್ಚು. ನಾಗಪುರದಲ್ಲಿ ಬಹಳಷ್ಟು ಸ್ಕೀಮುಗಳು ಎರಡನೆಯದರಡಿ ನೋಂದಣಿಯಾದವು. ಬಿಲ್ಡರ್ ಮೊದಲು ‘ಡೀಡ್ ಆಫ್ ಡಿಕ್ಲರೇಶನ್’ ಎಂಬ ಘೋಷಣಾ ಪತ್ರ ನೋಂದಾಯಿಸುತ್ತಾನೆ, ಯಾವ ಮನೆಗೆ ಶೇಕಡಾ ಎಷ್ಟು ಪಾಲು ಎಂಬುದು ಅದರಲ್ಲೇ ಇರುತ್ತದೆ.

ಖರ್ಚು ಹಂಚುವ ರೀತಿ ಇಲ್ಲಿಂದಲೇ ಬೇರೆಯಾಗುತ್ತದೆ. ಸಹಕಾರಿ ಸಂಘದಲ್ಲಿ ಸೇವಾ ಶುಲ್ಕ ಎಲ್ಲ ಮನೆಗೂ ಸಮ. ಲಿಫ್ಟಿನ ಖರ್ಚೂ ಸಮ, ಬಳಸಿದರೂ ಬಳಸದಿದ್ದರೂ. ವಿಸ್ತೀರ್ಣದ ಮೇಲೆ ಹಾಕಿದ್ದ ಮುಂಬಯಿಯ ವೀನಸ್ ಸೊಸೈಟಿಯ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಸಮ ಹಂಚಿಕೆಯ ಪರ ನಿಂತಿತು. 1970ರ ಕಾಯ್ದೆಯಲ್ಲಿ ಇದು ತಿರುಗಾಮುರುಗಾ: ಸಾಮಾನ್ಯ ಖರ್ಚು ಅವಿಭಕ್ತ ಪಾಲಿನ ಪ್ರಕಾರವೇ ಎಂದು ಕಾಯ್ದೆಯ ಬರಹವೇ ಹೇಳುತ್ತದೆ. ನಮ್ಮ ಜಗಳ ನಡೆದ 2025ರಲ್ಲೇ ಪುಣೆಯ ಟ್ರೆಷರ್ ಪಾರ್ಕ್ ಎಂಬ ಸಮುಚ್ಚಯದ ಪ್ರಕರಣದಲ್ಲಿ ಅದೇ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ದೊಡ್ಡ ಮನೆಯವರು ಹೆಚ್ಚು ಕೊಡಬೇಕು. ಒಂದೇ ನ್ಯಾಯಾಲಯ, ಎರಡು ಉತ್ತರ, ಎರಡೂ ಸರಿ. ಕಾರಣ, ಕಟ್ಟಡಗಳ ಹುಟ್ಟು ಬೇರೆ.

ಲಿಫ್ಟು ಬಳಸುವುದಿಲ್ಲ ಎಂಬ ವಾದಕ್ಕೂ ಅದೇ ಕಾಯ್ದೆಯಲ್ಲಿ ಉತ್ತರವಿದೆ. ಸಾಮಾನ್ಯ ಸೌಲಭ್ಯವನ್ನು ನಾನು ಬಳಸುವುದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಹೇಳಿ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ, ಮನೆಗೆ ಬೀಗ ಹಾಕಿ ಹೋದರೂ ಬರುವುದಿಲ್ಲ. ಇದು ನಿಷ್ಠುರವಾಗಿ ಕೇಳಿಸುತ್ತದೆ. ಆದರೆ ಅದನ್ನು ತಿರುಗಿಸಿ ನೋಡಿ. ತಾರಸಿ ಸೋರಿದಾಗ ನೀರು ಬೀಳುವುದು ನಾಲ್ಕನೇ ಮಹಡಿಗೆ ಮಾತ್ರ. ಡ್ರೈನೇಜು ಕಟ್ಟಿದಾಗ ಉಕ್ಕುವುದು ಮೊದಲ ಮಹಡಿಯಲ್ಲಿ ಮಾತ್ರ. ಬಳಸಿದವರೇ, ತೊಂದರೆಪಟ್ಟವರೇ ಕೊಡಲಿ ಎಂದರೆ ಪ್ರತಿಯೊಂದು ಮಹಡಿಯೂ ಒಂದು ದಿನ ಒಂಟಿಯಾಗುತ್ತದೆ. ಮೊದಲ ಮಹಡಿಯವರಿಗೆ ಅವರ ಬಚ್ಚಲಿನಲ್ಲಿ ನೀರು ಉಕ್ಕಿದ ಮಳೆಗಾಲವನ್ನು ನೆನಪಿಸಿದವರು ಮೂರನೇ ಮಹಡಿಯ ಹೆಂಗಸು, ನಾನಲ್ಲ. ಅವರು ಕಾಯ್ದೆ ಓದಿರಲಿಲ್ಲ.

ನಮ್ಮ ಘೋಷಣಾ ಪತ್ರದ ಪ್ರತಿ ತೆಗೆಸಿದಾಗ ದೊಡ್ಡ ಮನೆಗೆ ಶೇಕಡ 10.71, ಸಣ್ಣ ಮನೆಗೆ 7.14 ಎಂದಿತ್ತು. ಅಲ್ಲಿಗೆ 90,000 ಮತ್ತು 60,000 ಎಂದಾಯಿತು. ದೊಡ್ಡ ಮನೆಯವರ ಮುಖ ಸಣ್ಣದಾಯಿತು, ನಿಜ. ಆದರೆ ಪಕ್ಕದ ಮನೆಯವ ಹೇರಿದ ಲೆಕ್ಕಕ್ಕೂ ತಾವೇ ಸಹಿ ಹಾಕಿ ಕೊಂಡ ಕಾಗದದ ಲೆಕ್ಕಕ್ಕೂ ವ್ಯತ್ಯಾಸವಿದೆ. ಸಿಟ್ಟು ಕಾಗದದ ಮೇಲೆ ಹೋಯಿತು. ಜನರ ಮೇಲೆ ಹೋಗಿದ್ದರೆ ಹನ್ನೆರಡು ಮನೆಯ ಮೆಟ್ಟಿಲಿನಲ್ಲಿ ದಿನವೂ ಎದುರಾಗುವುದು ಕಷ್ಟವಿತ್ತು.

ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟುಕೊಂಡಿರುವ ಓದುಗರು ಇಲ್ಲಿ ಒಂದು ನಿಮಿಷ ನಿಲ್ಲಿ. ಕರ್ನಾಟಕದಲ್ಲೂ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ, ಈ ವಿಷಯದಲ್ಲಿ ಮಹಾರಾಷ್ಟ್ರದ ಕಾಯ್ದೆಯ ತಮ್ಮನ ಹಾಗೆ. ಆದರೆ ಅಲ್ಲಿ ಎಷ್ಟೋ ನಿವಾಸಿ ಸಂಘಗಳು ನೋಂದಣಿಯಾಗಿರುವುದು ಸಾಹಿತ್ಯ ಸಂಘ, ಕ್ರೀಡಾ ಸಂಘಗಳು ನೋಂದಣಿಯಾಗುವ 1960ರ ಸಂಘಗಳ ನೋಂದಣಿ ಕಾಯ್ದೆಯಡಿ. ಅದು ಸರಿಯೇ ಎಂಬ ತಕರಾರು ನ್ಯಾಯಾಲಯಗಳವರೆಗೂ ಹೋಗಿದೆ. ನಿಮ್ಮದು ಯಾವುದರಡಿ ಇದೆ ಎಂದು ನೋಡಿಕೊಂಡು, ಆಮೇಲೆ ಚದರಡಿಗೆ ಎಷ್ಟು ಎಂದು ಜಗಳಾಡಿ.

ನಮ್ಮವರಿಗೆ ಈ ವಿಷಯ ಹೊಸದಲ್ಲ ಎನ್ನುವುದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಡೀ ಭಾರತದ ಮೊದಲ ಸಹಕಾರಿ ಪತ್ತಿನ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಮನೆ ಕಟ್ಟಿಕೊಳ್ಳುವ ಸಹಕಾರಿ ಸಂಘ ಎಂಬುದು ಮೊದಲು ಕಂಡದ್ದೂ ಬೆಂಗಳೂರಿನಲ್ಲಿ, 1909ರಲ್ಲಿ. ಇನ್ನು ಒಂದೇ ಕಟ್ಟಡದಲ್ಲಿ ಹಲವರು ಪಾಲುದಾರರಾಗಿ ಬಾಳುವ, ಇವತ್ತು ಮುಂಬಯಿ ‘ಸೊಸೈಟಿ’ ಎನ್ನುವ ಪದ್ಧತಿ ಬೇರು ಬಿಟ್ಟದ್ದು ಗಾಂದೇವಿಯ ಸಾರಸ್ವತ ಸಹಕಾರಿ ಗೃಹ ಸಂಘದಿಂದ, 1915ರಲ್ಲಿ. ಅದನ್ನು ಕಟ್ಟಿದವರು ಕೆನರಾ ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ಬೊಂಬಾಯಿಗೆ ಹೋದ ಚಿತ್ರಾಪುರ ಸಾರಸ್ವತರು, ನಮ್ಮ ಹಾಗೆಯೇ ಊರು ಬಿಟ್ಟವರು. ಮುಂದೆ ನಿಂತವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಅದಕ್ಕೂ ಒಂಬತ್ತು ವರ್ಷ ಮೊದಲು, 1906ರಲ್ಲಿ, ಅದೇ ತಲ್ಮಕಿಯವರು ಶಾಮರಾವ್ ವಿಠ್ಠಲ ಹೆಸರಿನ ಸಾಲದ ಸಂಘ ಕಟ್ಟಿದ್ದರು, ಈಗ ಅದು ದೊಡ್ಡ ಬ್ಯಾಂಕು. ಈ ಅನುಕ್ರಮ ನನಗೆ ಬಹಳ ಹಿಡಿಸುತ್ತದೆ. ಮೊದಲು ದುಡ್ಡು ಕೂಡಿಸುವ ಸಂಘ, ಆಮೇಲೆ ಮನೆಯ ಸಂಘ. ನಮ್ಮ ಸ್ಕೀಮುಗಳಲ್ಲಿ ಮೊದಲು ಮನೆ, ಆಮೇಲೆ ಲಿಫ್ಟ್ ಕೆಡುವುದು, ಆಮೇಲೆ ದುಡ್ಡು ಕೂಡಿಸುವ ಮಾತು.

ಹಂಚಿಕೆ ತೀರ್ಮಾನವಾದರೆ ಹಣ ಬಂದ ಹಾಗಲ್ಲ. ನಾಲ್ಕನೇ ಮಹಡಿಯ ಸಣ್ಣ ಮನೆಯಲ್ಲಿ ಒಬ್ಬ ವೃದ್ಧೆ ಒಬ್ಬರೇ ಇದ್ದಾರೆ, ಗಂಡನ ಕುಟುಂಬ ಪಿಂಚಣಿಯ ಮೇಲೆ. ಎರಡೂ ಮೊಣಕಾಲು ಹೋಗಿವೆ. ಲಿಫ್ಟು ನಿಂತ ದಿನದಿಂದ ಕೆಳಗೆ ಇಳಿದಿರಲಿಲ್ಲ. ತರಕಾರಿಯನ್ನು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ತೆಗೆದುಕೊಳ್ಳುತ್ತಿದ್ದರು, ಔಷಧಿಯನ್ನೂ ಹಾಗೆಯೇ. ಏಪ್ರಿಲ್ ಬಂತು. ನಾಗಪುರದ ಏಪ್ರಿಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: 42, 43 ಡಿಗ್ರಿ, ಮೇ ತಿಂಗಳಲ್ಲಿ 45. ತಾರಸಿಯ ಕೆಳಗಿನ ಮನೆ ಒಲೆಯ ಹಾಗೆ. ಎಲ್ಲರಿಗಿಂತ ಹೆಚ್ಚು ಲಿಫ್ಟು ಬೇಕಾದವರು ಅವರು, ಒಂದೇ ಸಲ 60,000 ಕೊಡಲಾಗದವರೂ ಅವರೇ. ಸಭೆಯಲ್ಲಿ ಅವರ ಹೆಸರು ಬಂದಾಗ ಯಾರೋ, ‘ಅವರಿಗೆ ಮಾಫಿ ಮಾಡೋಣ’ ಎಂದರು. ಅವರು ಮೇಲಿನಿಂದ ಫೋನಿನಲ್ಲೇ ಹೇಳಿ ಕಳಿಸಿದರು, ಮಾಫಿ ಬೇಡ, ಸಮಯ ಕೊಡಿ.

ಸಮಯ ಎಂದರೆ ಬೇರೆಯವರ ಹಣ. ಲಿಫ್ಟಿನವರಿಗೆ ಮೂರು ಹಂತದಲ್ಲಿ ಕೊಡಬೇಕಿತ್ತು. ಇಬ್ಬರು ದೊಡ್ಡ ಮನೆಯವರು ತಮ್ಮ ಪಾಲಿನ ಮೇಲೆ ಐವತ್ತೈವತ್ತು ಸಾವಿರ ಮುಂಗಡ ಹಾಕಿದರು, ಬಡ್ಡಿ ಇಲ್ಲದೆ, ಸಂಘದ ಹೆಸರಿಗೆ ಬರೆದುಕೊಟ್ಟ ಚೀಟಿಯ ಮೇಲೆ. ಅದರಿಂದ ಆ ತಾಯಿಗೂ ಎರಡನೇ ಮಹಡಿಯ ಇನ್ನೊಂದು ಕುಟುಂಬಕ್ಕೂ ಹನ್ನೆರಡು ಕಂತು ಸಾಧ್ಯವಾಯಿತು. ಮೊದಲ ದಿನ ‘ತಲೆಗೆ 70,000, ಒಂದು ರೂಪಾಯಿ ಹೆಚ್ಚು ಕೊಡೆ’ ಎಂದು ಗುಡುಗಿದವರೇ ಈ ಇಬ್ಬರಲ್ಲಿ ಒಬ್ಬರು. ಹೀಗೂ ಆಗುತ್ತದೆ.

ಇದು ಸಾಧ್ಯವಾಗಲು ಒಂದು ಸಣ್ಣ ಕಾರಣವಿದೆ. ನಾನು ಖಜಾಂಚಿಯಾಗಲು ಒಪ್ಪುವಾಗ ಸಂಘದ ಹೆಸರಿನಲ್ಲಿ ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ, ಇಬ್ಬರ ಸಹಿ ಇರಬೇಕು ಎಂದು ಹಟ ಹಿಡಿದಿದ್ದೆ. ಅದಕ್ಕೆ ಮೊದಲು ಹಣ ಯಾರೋ ಒಬ್ಬರ ಸ್ವಂತ ಖಾತೆಗೆ ಹೋಗುತ್ತಿತ್ತು. ಅವರು ಒಂದು ಪೈಸೆ ಮುಟ್ಟಿದವರಲ್ಲ. ಆದರೂ ಸ್ವಂತ ಖಾತೆಯಲ್ಲಿ ಕೂಡು ಹಣ ಇಟ್ಟರೆ, ನಾಳೆ ಅವರಿಗೆ ಏನಾದರೂ ಆದರೆ ಅದು ಅವರ ವಾರಸುದಾರರ ಹಣ. ಸಣ್ಣ ಕಟ್ಟಡಗಳಲ್ಲಿ ಯುಪಿಐ ಬಂದ ಮೇಲೆ ಈ ರೂಢಿ ಹೆಚ್ಚಾಗಿದೆ. ನಂಬಿಕೆಯಿದೆ ಎನ್ನುತ್ತಾರೆ. ನಂಬಿಕೆ ಇರುವಾಗಲೇ ಖಾತೆ ಬೇರೆ ಮಾಡುವುದು ಸುಲಭ; ಅನುಮಾನ ಬಂದ ಮೇಲೆ ಅದನ್ನು ಕೇಳುವುದೇ ಅವಮಾನ. ತಿಂಗಳ ಲೆಕ್ಕವನ್ನು ನಾನು ಒಂದು ಪುಟದಲ್ಲಿ ಬರೆದು ಲಿಫ್ಟಿನ ಪಕ್ಕ ಅಂಟಿಸುತ್ತೇನೆ. ಮನೆಯಲ್ಲಿ ಕಚ್ಚಾ ಲೆಕ್ಕ ಕನ್ನಡದಲ್ಲಿ, ಗೋಡೆಗೆ ಮರಾಠಿಯಲ್ಲಿ. ಓದುವವರು ಕಡಿಮೆ, ಆದರೆ ಒಂದು ತಿಂಗಳು ತಡವಾದರೆ ಕೇಳುವವರು ಇದ್ದಾರೆ.

ದೂರದಲ್ಲಿರುವ ಮಾಲೀಕರ ಕತೆ ಇನ್ನೊಂದು ಬಗೆ. ನಮ್ಮ ಹನ್ನೆರಡರಲ್ಲಿ ಮೂರು ಮನೆಯ ಮಾಲೀಕರು ಊರಲ್ಲಿಲ್ಲ, ಒಬ್ಬರು ಪುಣೆ, ಒಬ್ಬರು ಬೆಂಗಳೂರು, ಒಬ್ಬರು ದೇಶದಲ್ಲೇ ಇಲ್ಲ. ಬಾಡಿಗೆದಾರ ಮೆಟ್ಟಿಲು ಹತ್ತುತ್ತಾನೆ, ಸಭೆಯಲ್ಲಿ ಮಾತಾಡುವ ಹಕ್ಕು ಅವನಿಗಿಲ್ಲ. ಮಾಲೀಕನಿಗೆ ಹಕ್ಕಿದೆ, ಮೆಟ್ಟಿಲಿನ ನೆನಪಿಲ್ಲ. ‘ಬಾಡಿಗೆಯಲ್ಲಿ ಮುರಿದುಕೊಳ್ಳಿ’ ಎಂದರೊಬ್ಬರು, ತಮ್ಮ ಬಾಡಿಗೆದಾರನಿಂದ 60,000 ಮುರಿದುಕೊಳ್ಳಲು ಸಂಘಕ್ಕೆ ಅಧಿಕಾರವಿದೆ ಎಂಬಂತೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಇಂಥದೇ ಮಾಲೀಕರು ಎಂದು ನನಗೆ ಗೊತ್ತು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಒಂದು ಫ್ಲ್ಯಾಟ್ ಇಟ್ಟು ದಿಲ್ಲಿಯಲ್ಲಿ ಬಾಡಿಗೆಗೆ ಇರುವವರು. ಬೇಡ ಎಂದು ಮೊಬೈಲಿನಲ್ಲಿ ಒಂದು ಬೆರಳು ಒತ್ತುವ ಮುನ್ನ ಅಲ್ಲಿಯ ಯಾರಿಗಾದರೂ ಫೋನ್ ಮಾಡಿ ಕೇಳಿ. ಮುಂಬಯಿಯ ಸಹಕಾರಿ ಸಂಘಗಳು ಬಾಡಿಗೆಗೆ ಕೊಟ್ಟ ಮನೆಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಒಂದು ಕಾಲದಲ್ಲಿ ಮನಸ್ಸಿಗೆ ಬಂದಷ್ಟು ಹಾಕುತ್ತಿದ್ದವು. 2001ರಲ್ಲಿ ಸರ್ಕಾರ ಅದನ್ನು ಸೇವಾ ಶುಲ್ಕದ ಶೇಕಡ 10ಕ್ಕೆ ಮಿತಿಗೊಳಿಸಿತು, ಹೈಕೋರ್ಟ್ ಅದನ್ನು ಒಪ್ಪಿತು. ಆ ಮಿತಿ ಸರಿ ಎಂದೇ ನನ್ನ ಅಭಿಪ್ರಾಯ. ಊರಲ್ಲಿಲ್ಲದಿರುವುದು ಅಪರಾಧವಲ್ಲ. ಪತ್ರಕ್ಕೆ ಉತ್ತರ ಕೊಡದಿರುವುದು ಬೇರೆ ಮಾತು.

ಜೂನ್ ಮಧ್ಯಕ್ಕೆ, ಮೊದಲ ಮಳೆಯ ವಾರದಲ್ಲಿ, ಲಿಫ್ಟು ಓಡಿತು. ಮುಂದಿನ ಸಭೆಯಲ್ಲಿ ತಿಂಗಳ ಹಣದ ಪ್ರಶ್ನೆ ಬಂತು. ದಿನದ ಖರ್ಚಿಗೆ ಚದರಡಿಗೆ ಒಂದು ರೂಪಾಯಿ, ನಿಧಿಗೆ ಐವತ್ತು ಪೈಸೆ ಎಂದು ಇಟ್ಟೆವು. ಸಣ್ಣ ಮನೆ 800ರಿಂದ 1,200ಕ್ಕೆ ಹೋಯಿತು, ದೊಡ್ಡ ಮನೆ 800ರಿಂದ 1,800ಕ್ಕೆ. ಬೆಂಗಳೂರಿನ ದೊಡ್ಡ ಸಮುಚ್ಚಯದವರು ಈ ಅಂಕಿ ನೋಡಿ ನಗಬಹುದು. ಇಲ್ಲಿ ಇದಕ್ಕೆ ಎರಡು ಸಂಜೆ ಬೇಕಾಯಿತು. ‘ನಾನು ಎರಡು ವರ್ಷದಲ್ಲಿ ಮಾರಿ ಹೋಗುವವನು, ನಿಧಿಗೆ ಯಾಕೆ ಕಟ್ಟಲಿ’ ಎಂದರು ಒಬ್ಬರು. ನಿಜವಾದ ಪ್ರಶ್ನೆಯೇ. ನೀವು ಇರುವ ಎರಡು ವರ್ಷವೂ ಲಿಫ್ಟು, ಪೈಪು, ತಾರಸಿ ಸವೆಯುತ್ತವೆ, ಆ ಎರಡು ವರ್ಷದ ಸವೆತದ ಬೆಲೆ ಇದು, ಮುಂದಿನವರ ಖರ್ಚಲ್ಲ ಎಂದೆ. ಅವರು ಪೂರ್ತಿ ಒಪ್ಪಲಿಲ್ಲ. ಕಟ್ಟುತ್ತಿದ್ದಾರೆ.

ನಿಧಿಗೆ ಬರುವ 5,600 ರೂಪಾಯಿಯನ್ನು ತಿಂಗಳ ಹತ್ತನೇ ತಾರೀಖು ಬೇರೆ ಠೇವಣಿಗೆ ತಳ್ಳುತ್ತೇವೆ. ದಿನದ ಖಾತೆಯಲ್ಲಿ ಬಿಟ್ಟರೆ ಅದು ಗಣೇಶೋತ್ಸವದಲ್ಲಿ ಕರಗುತ್ತದೆ. ಗಣಪತಿಯ ವಂತಿಗೆಗೆ 1,001 ಕೊಡುವ ಕೈ ಸಿಂಕಿಂಗ್ ಫಂಡಿಗೆ 400 ಕೊಡಲು ಯಾಕೆ ನಡುಗುತ್ತದೋ! ಬಹುಶಃ ಆ ಹೆಸರಿನಲ್ಲೇ ದೋಷವಿದೆ. ‘ಮುಳುಗುವ ನಿಧಿ’ಗೆ ಯಾರು ಹಣ ಹಾಕುತ್ತಾರೆ? ನಮ್ಮ ಗೋಡೆಯ ಕಾಗದದ ಮೇಲೆ ನಾನು ‘ಇಮಾರತ್ ನಿಧಿ’ ಎಂದು ಬರೆಯುತ್ತೇನೆ.

ನೀರಿನದ್ದು ಇನ್ನೂ ಬಗೆಹರಿದಿಲ್ಲ. ಬೇಸಿಗೆಯಲ್ಲಿ ಇಲ್ಲಿ ಮನೆಮನೆಗೂ ಲಾವಂಚದ ಚಾಪೆಯ ಕೂಲರುಗಳು. ದಿನಕ್ಕೆ ಬಕೆಟ್‌ಗಟ್ಟಲೆ ಕುಡಿಯುತ್ತವೆ, ಮೇಲಿನ ಮನೆಯ ಕೂಲರ್ ಕೆಳಗಿನವರ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ಒಂದು ಮನೆಯಲ್ಲಿ ಮೂರು ಕೂಲರು, ಇನ್ನೊಂದರಲ್ಲಿ ಎಸಿ. ಇಬ್ಬರಿಗೂ ನೀರಿನ ಬಿಲ್ಲು ಪಾಲಿನ ಪ್ರಕಾರವೇ. ಇದಕ್ಕೆ ಕಾಗದದಲ್ಲಿ ಉತ್ತರವಿದ್ದರೂ ಮನಸ್ಸಿಗೆ ಉತ್ತರ ಸಿಕ್ಕಿಲ್ಲ. ಮೀಟರು ಹಾಕಿಸುವ ಖರ್ಚು ಹತ್ತು ಬೇಸಿಗೆಯ ನೀರಿಗಿಂತ ಹೆಚ್ಚು. ಹಾಗಾಗಿ ಸದ್ಯಕ್ಕೆ ಮೇ ತಿಂಗಳಲ್ಲಿ ಮುಖ ಗಂಟಿಕ್ಕಿಕೊಂಡು, ಜೂನಿನಲ್ಲಿ ಬಿಡಿಸಿಕೊಳ್ಳುತ್ತೇವೆ.

‘ನಮಗೆ ಲಿಫ್ಟು ಬೇಕಿಲ್ಲ’ ಎಂದಿದ್ದ ಮೊದಲ ಮಹಡಿಯವರು ಮಾತ್ರ ತಮ್ಮ 60,000 ಕೊಡಲಿಲ್ಲ. ನೋಟಿಸು ಕೊಟ್ಟೆವು, ಜಗಳಕ್ಕೆ ಹೋಗಲಿಲ್ಲ. ಉಳಿದವರ ಮುಂಗಡದಲ್ಲಿ ಕೆಲಸ ಸಾಗಿತ್ತು. ಈ ವರ್ಷ ಅವರು ಮನೆ ಮಾರಾಟಕ್ಕಿಟ್ಟಿದ್ದಾರೆ. ದಲ್ಲಾಳಿಯ ಹಾಳೆಯಲ್ಲಿ ‘ಹೊಸ ಲಿಫ್ಟ್’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಕಳೆದ ವಾರ ಒಬ್ಬ ಯುವಕ, ಮಿಹಾನ್‌ನಲ್ಲಿ ಕೆಲಸವಂತೆ, ಮನೆ ನೋಡಿಕೊಂಡು ನೇರ ನನ್ನ ಬಾಗಿಲಿಗೆ ಬಂದ. ಬಾಕಿ ಏನಾದರೂ ಇದೆಯೇ ಎಂದು ಕೇಳಿದ. 1970ರ ಕಾಯ್ದೆಯ ಪ್ರಕಾರ ಕಟ್ಟದ ಸಾಮಾನ್ಯ ಖರ್ಚು ಆ ಮನೆಯ ಮೇಲಿನ ಹೊರೆ. ಸರ್ಕಾರದ ತೆರಿಗೆ, ಮೊದಲ ಅಡಮಾನ ಬಿಟ್ಟರೆ ಮುಂದಿನ ಸ್ಥಾನ ಅದಕ್ಕೆ, ಕೊಂಡವರೂ ಮಾರಿದವರ ಜೊತೆ ಹೊಣೆಗಾರರು. ಪುಸ್ತಕ ತೋರಿಸಿದೆ. ಆಮೇಲೆ ಅವನು, ನಿಧಿಯಲ್ಲಿ ಎಷ್ಟಿದೆ ಎಂದ. ನಾಲ್ಕು ವರ್ಷದಲ್ಲಿ ಮನೆ ನೋಡಲು ಬಂದ ಯಾರೂ ಕೇಳದ ಪ್ರಶ್ನೆ. ತುರ್ತಿನ 40,000, ಹತ್ತು ತಿಂಗಳ ಇಮಾರತ್ ನಿಧಿ 56,000 ಎಂದು ಹೇಳಿದೆ. ಕಡಿಮೆ ಇದೆ ಅಂಕಲ್, ಎಂದ. ಹೌದು ಎಂದೆ. ಮೊಬೈಲಿನಲ್ಲಿ ಬರೆದುಕೊಂಡು ತಾರಸಿ ನೋಡಲು ಮೇಲೆ ಹೋದ.

ಮಾತುಕತೆ ಈಗ ಆ 60,000 ಬೆಲೆಯಲ್ಲಿ ಕಡಿಯಬೇಕೋ, ಮಾರುವವರು ಮೊದಲೇ ಕಟ್ಟಬೇಕೋ ಎಂಬಲ್ಲಿ ನಿಂತಿದೆಯಂತೆ.